ಸ್ಪಿನ್‌ಲಾಕ್ ಡೆಕ್‌ವೆಸ್ಟ್ 5ಡಿ: ಚಿಕ್ಕ ಹಾಯಿದೋಣಿಯವರ ಕಣ್ಣಿನಿಂದ

ಸ್ಪಿನ್‌ಲಾಕ್ ಡೆಕ್‌ವೆಸ್ಟ್ 5ಡಿ ಎಂಬುದು ಹಾಯಿದೋಣಿಯವರು ತೊಡುವ, ನೀರಿಗೆ ಬಿದ್ದಾಗ ಉಬ್ಬುವ ಜೀವರಕ್ಷಕ ಅಂಗಿ. ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟು ಸಾಗರದಲ್ಲಿರುವ ಫ್ಯಾರಲಾನ್ ದ್ವೀಪಗಳನ್ನು ಸುತ್ತಿ ಬರುವ ಪಂದ್ಯಗಳಲ್ಲಿ ನಾನು ಹೋಗುವುದು ಮೂರ್ 24 ಎಂಬ ಚಿಕ್ಕ ಹಾಯಿದೋಣಿಯಲ್ಲಿ. ಒಂದು ಟನ್ನೂ ತೂಗದ, ಸದಾ ತೊಯ್ದಿರುವ ದೋಣಿ ಅದು. ಮುಂಭಾಗದಲ್ಲಿ ಮಂಡಿಯೂರಿ ಹಾಯಿ ಬದಲಿಸುವವಳು ನಾನಾದ್ದರಿಂದ ಅಲೆ ಮೊದಲು ಬಡಿಯುವುದೂ ನನಗೇ. ದೊಡ್ಡ ದೋಣಿಯ ಹಿಂಬದಿಯಲ್ಲಿ ಕೂರುವವರ ಅಗತ್ಯ ಬೇರೆ ಇರಬಹುದು.

ಈ ಜೀವರಕ್ಷಕ ಅಂಗಿಯನ್ನು, ಅದನ್ನು ತಾನಾಗಿ ಉಬ್ಬಿಸುವ ಹಮ್ಮರ್ ಕವಾಟ ಇರುವ ಮಾದರಿಯಲ್ಲೇ ಕೊಳ್ಳಿ. ಅಗ್ಗದ ಸ್ವಯಂಚಾಲಿತ ಅಂಗಿಗಳಲ್ಲಿ ನೀರು ತಗುಲಿದರೆ ಕರಗುವ ಬಿಲ್ಲೆ ಇರುತ್ತದೆ. ಅಲೆ ಮೇಲಿಂದ ಮೇಲೆ ಸುರಿಯುವ ಕಡೆ ಅದು ಬೇಡದ ಹೊತ್ತಿನಲ್ಲಿ ಕರಗಿ, ಅಂಗಿ ಉಬ್ಬಿ, ಕೈ ಆಡದಂತಾಗುತ್ತದೆ. ಹಮ್ಮರ್ ತೆರೆದುಕೊಳ್ಳುವುದು ನೀರಿನ ಒತ್ತಡಕ್ಕೆ. ಸುಮಾರು ಹತ್ತು ಸೆಂಟಿಮೀಟರ್ ಮುಳುಗಿದರಷ್ಟೇ. ಅನಿಲದ ಸಿಲಿಂಡರ್ ಗಾಳಿಚೀಲದ ಒಳಗಿರುವುದರಿಂದ ತುಕ್ಕಿನ ಕಾಟವೂ ಕಡಿಮೆ. ಆದರೆ ಅದು ಬಿಗಿಯಾಗಿದೆಯೇ ಎಂದು ಚೀಲದ ಮೇಲಿನಿಂದಲೇ ಹಿಡಿದು, ತಿರುಗಿಸಿ ನೋಡಬೇಕು. ಒಮ್ಮೆ ಉಬ್ಬಿದ ಅಂಗಿಯನ್ನು ಮತ್ತೆ ಸಜ್ಜುಗೊಳಿಸುವ ಸಾಮಗ್ರಿ ಬಿಲ್ಲೆಗಿಂತ ಬಹಳ ದುಬಾರಿ. ಕವಾಟದ ಮೇಲೆ ಅದರ ಅವಧಿ ಮುದ್ರಿತವಾಗಿರುತ್ತದೆ. ಅದನ್ನು ಮೀರಿ ಬಳಸಬೇಡಿ.

ಅಮೆರಿಕದ ಹಾಯಿದೋಣಿ ಕ್ರೀಡೆಯ ಸಂಸ್ಥೆಯಾದ ಯುಎಸ್ ಸೇಲಿಂಗ್‌ನ ನಿಯಮದಂತೆ ಕರಾವಳಿ ಪಂದ್ಯಕ್ಕೆ ಉಬ್ಬುವ ಅಂಗಿ ಕನಿಷ್ಠ 150 ನ್ಯೂಟನ್ ತೇಲುಬಲದ್ದಾಗಿರಬೇಕು. ಇದರದ್ದು 170. ಸೀಟಿ, ದೀಪ, ಬೆಳಕನ್ನು ಪ್ರತಿಫಲಿಸುವ ಪಟ್ಟಿ, ಅಂಗಿಯ ಮೇಲೆ ಹೆಸರು ಎಲ್ಲವೂ ಬೇಕು. ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ದೊಡ್ಡದು ತೊಡೆಪಟ್ಟಿ. ಅದಿಲ್ಲದಿದ್ದರೆ ಉಬ್ಬಿದ ಚೀಲ ಮೇಲೇರಿ, ಗಲ್ಲ ದಾಟಿ, ಮನುಷ್ಯ ಕೆಳಗೆ ಜಾರುತ್ತಾನೆ. ಇಲ್ಲಿನ ನೀರು ಬೇಸಿಗೆಯಲ್ಲೂ ಕೊರೆಯುತ್ತದೆ. ಮರಗಟ್ಟಿದ ಕೈಗಳಿಂದ ಅಂಗಿಯನ್ನು ಎಳೆದು ಹಿಡಿಯಲಾಗದು. 5ಡಿಯ ಎರಡು ತೊಡೆಪಟ್ಟಿಗಳು ಮಂಡಿಯೂರಿದಾಗಲೂ ಒತ್ತುವುದಿಲ್ಲ. ಆದರೂ ಬಂದರಿನಲ್ಲಿ ಅವನ್ನು ಬಿಚ್ಚಿಟ್ಟು ಹೊರಡುವವರನ್ನು ಕಾಣುತ್ತೇನೆ, ಸಂಕಟವಾಗುತ್ತದೆ. 2012ರ ಏಪ್ರಿಲ್ 14ರಂದು ಇದೇ ದ್ವೀಪಗಳ ಬಳಿ, ಆಳವಿಲ್ಲದ ಜಾಗದಲ್ಲಿ, ಲೋ ಸ್ಪೀಡ್ ಚೇಸ್ ಎಂಬ ದೋಣಿಯ ಮೇಲೆ ಅಲೆ ಒಡೆದು ಎಂಟು ಮಂದಿಯಲ್ಲಿ ಐವರು ತೀರಿಕೊಂಡರು. ಆ ಜಾಗ ಈಗಲೂ ನಮ್ಮ ದಾರಿಯ ಪಕ್ಕದಲ್ಲೇ ಇದೆ.

ಎದೆಯ ಮೇಲಿನ ಕುಣಿಕೆಗೆ ಸುರಕ್ಷಾ ಹಗ್ಗ ಸಿಕ್ಕಿಸಬಹುದು. ಹಗ್ಗವನ್ನು ಬೇರೆಯೇ ಕೊಳ್ಳಬೇಕು; ದೋಣಿ ಮಗುಚಿದಾಗ, ಹಗ್ಗ ಎಳೆದು ಬಿಗಿಯಾಗಿದ್ದರೂ, ಎದೆಯ ಕಡೆಯಿಂದ ಬಿಡಿಸಿಕೊಳ್ಳಬಲ್ಲ ಕೊಂಡಿಯಿರುವುದನ್ನೇ ಆರಿಸಿ.

ಅಮೆರಿಕದಲ್ಲಿ ಕೊಳ್ಳುವವರು ಒಳಗಿನ ಚೀಟಿಯನ್ನು ಓದಿ. ಅದರ ಮೇಲೆ ಐಎಸ್‌ಒ ಎಂಬ ಅಂತರರಾಷ್ಟ್ರೀಯ ಮಾನದಂಡದ ಗುರುತು ಮಾತ್ರ ಇದ್ದರೆ ಪಂದ್ಯದ ನಿಯಮಕ್ಕೆ ಸಾಕು, ಕಾನೂನಿಗೆ ಸಾಲದು. ಕೋಸ್ಟ್ ಗಾರ್ಡ್ ಒಪ್ಪಿದ ಅಂಗಿ ತಲೆಗೊಂದರಂತೆ ದೋಣಿಯಲ್ಲಿ ಇರಲೇಬೇಕು. ಚಿಕ್ಕ ದೋಣಿಯಲ್ಲಿ ಅದಕ್ಕೆ ಜಾಗ ಹುಡುಕುವುದೇ ಕಷ್ಟ. ನಾವು ಅವನ್ನು ಮುಂಗೋಣೆಯಲ್ಲಿ ಹಾಯಿಚೀಲಗಳ ಕೆಳಗೆ ತುರುಕುತ್ತೇವೆ.

ಕೊಲ್ಲಿಯ ಒಳಗಷ್ಟೇ ಓಡುವವರು ಇಷ್ಟು ಹಣ ಸುರಿಯಬೇಕಿಲ್ಲ, ಒಳ್ಳೆಯ ಫೋಮ್ ಅಂಗಿ ಸಾಕು. ಗೋಲ್ಡನ್ ಗೇಟ್ ಸೇತುವೆ ದಾಟಿ ಸಾಗರಕ್ಕೆ ಹೋಗುವವರು ಇದನ್ನೇ ಕೊಳ್ಳಿ. ಅಂಗಡಿಯಲ್ಲಿ ತೊಡುವಾಗ ಒಳಗೆ ದಪ್ಪ ಬಟ್ಟೆ ಹಾಕಿಕೊಂಡು ಹೋಗಿ, ಪಟ್ಟಿಗಳ ಅಳತೆ ಆಗ ಸರಿಯಾಗಿ ಕೂರುತ್ತದೆ.