ಹಳೇ ಅಂಬಾಸಡರ್‌ಗೆ ಪ್ಲಗ್ಗು, ಪ್ಲಗ್ ವೈರು: ನಾ ಹಾಕಿದ ಸೆಟ್ ಹೆಂಗೈತಿ

ಮೊದಲ ಹೇಳಿಬಿಡ್ತೀನಿ, ಕಾರ್ಬ್ಯುರೇಟರು ಪಾಯಿಂಟು ಕಂಡೆನ್ಸರು (ಕರೆಂಟು ಕಡದು ಕಿಡಿ ಹುಟ್ಟಸೋ ಹಳೇ ಪದ್ಧತಿ) ಇರೋ ಹಳೇ ಪೆಟ್ರೋಲ್ ಅಂಬಾಸಡರ್ ನಿಮ್ಮ ಕಡೆ ಇದ್ರ ಎನ್‌ಜಿಕೆ ಕಂಪನಿದು ಬಿಪಿ6ಇಎಸ್ ಸಾದಾ ಸ್ಪಾರ್ಕ್ ಪ್ಲಗ್ (ಸಿಲಿಂಡರಿನ್ಯಾಗ ಪೆಟ್ರೋಲಿಗೆ ಕಿಡಿ ಹಚ್ಚೋದು) ನಾಕು, ಜೊತಿಗೆ ತಾಮ್ರದ ಎಳಿ ಇರೋ 7 ಮಿ.ಮೀ ಪ್ಲಗ್ ವೈರ್ ಹಾಕ್ರಿ, ಇರಿಡಿಯಂ ಲೋಹದ ತುದಿ ಇರೋ ತುಟ್ಟಿ ಪ್ಲಗ್ಗಿಗೆ ರೊಕ್ಕ ಸುರೀಬ್ಯಾಡ್ರಿ. ನಮ್ಮದು ಮಾರ್ಕ್ 4, 1489 ಸಿಸಿ, ಅಪ್ಪಾರ ಕಾಲದ ಗಾಡಿ. ಈ ಸೆಟ್ ಹಾಕಿ ಬೆಳಗಾವಿ ಮಳಿಗಾಲ ಒಂದು ಪೂರಾ ಕಳದೇನಿ, ಚೋರ್ಲಾ ಘಾಟ್ ಇಳದು ಗೋವಾಕ್ಕ ಹೋಗಿ ಬಂದೇನಿ, ಮನಿ ಮಂದಿನೆಲ್ಲಾ ಹೇರ್ಕೊಂಡು ಸವದತ್ತಿ ಯಲ್ಲಮ್ಮನ ಗುಡ್ಡಕ್ಕ ಹೋಗೇನಿ, ಎಲ್ಲೂ ಕೈ ಕೊಟ್ಟಿಲ್ಲ.

ಇದಕ್ಕ ಮೊದಲ ಗಾಡಿ ಹೆಂಗಿತ್ತಂದ್ರ ಮಳಿ ಹತ್ತಿದ್ರ ಸಾಕು, ಮುಂಜಾನೆ ಸೆಲ್ಫ್ ಹೊಡದಿದ್ದ ಹೊಡದಿದ್ದು ಇಂಜಿನ್ ಹಿಡೀತಿರಲಿಲ್ಲ, ಹಿಡದ್ರೂ ಮಿಸ್ಸಿಂಗ್, ಥರ್ಡ್ ಗೇರ್‌ದಾಗ ಏರು ಬಂತಂದ್ರ ಪಿಕಪ್ಪ ಇಲ್ಲ. ನೋಡಿದವರೆಲ್ಲಾ ಕಾರ್ಬ್ಯುರೇಟರ್ ಬಿಚ್ಚಸ್ರಿ ಅಂದ್ರು. ಆದ್ರ ರಾತ್ರಿ ಕತ್ತಲಾಗ ಬಾನೆಟ್ ತಗದು ಇಂಜಿನ್ ಚಾಲೂ ಇಟ್ಟು ವೈರ್ ಮ್ಯಾಲ ಸ್ವಲ್ಪ ನೀರು ಸಿಂಪಡಿಸಿ ನೋಡಿದ್ರ ಮೂರನೇ ಸಿಲಿಂಡರಿನ ವೈರಿನಿಂದ ಬ್ಲಾಕಿಗೆ ನೀಲಿ ಕಿಡಿ ಚಟ್ ಚಟ್ ಅಂತ ಹಾರಾಕತ್ತಿತ್ತು, ಡೆಲ್ಕೊ (ನಾಕೂ ಪ್ಲಗ್ಗಿಗೆ ಕರೆಂಟು ಹಂಚೋ ಡಿಸ್ಟ್ರಿಬ್ಯೂಟರ್) ಕ್ಯಾಪಿನ ಹತ್ರಾನೂ ಒಂದು ಸಣ್ಣ ಬೆಳಕಿನ ಎಳಿ. ಬ್ಯಾಟರಿ ಕರೆಂಟಿನ ವೋಲ್ಟ್ ಏರಸೋ ಕಾಯಿಲ್‌ನಿಂದ ಬರೋ ಕರೆಂಟು ಸಾವಿರಾರು ವೋಲ್ಟಿಂದು, ಪ್ಲಗ್ಗಿನ ಗ್ಯಾಪ್ ದಾಟೋದಕ್ಕಿಂತ ಸೀಳಿದ ರಬ್ಬರ್ ದಾಟೋದು ಸಸಾರ ಆದ್ರ ಅದು ಅಲ್ಲೇ ಹೋಗತೈತಿ. ಈ ಪರೀಕ್ಷಾಕ್ಕ ಒಂದ ಪೈಸೆ ಖರ್ಚಿಲ್ಲ, ವೈರಿಗೆ ಕೈ ಮಾತ್ರ ಹಚ್ಚಬ್ಯಾಡ್ರಿ.

ಪ್ಲಗ್ ತಗೊಳ್ಳೋ ಮುಂದ ಡಬ್ಬಿ ಮ್ಯಾಲಿನ ನಂಬರ್ ಓದಾಕ ಬರಬೇಕ್ರಿ. ಬಿಪಿ6ಇಎಸ್‌ದಾಗ ಬಿ ಅಂದ್ರ 14 ಮಿ.ಮೀ ಥ್ರೆಡ್, ಪಿ ಅಂದ್ರ ಪಿಂಗಾಣಿ ಮೂತಿ ಹೊರಗ ಚಾಚಿರತೈತಿ, 6 ಅನ್ನೋದು ಹೀಟ್ ರೇಂಜ್ (ಪ್ಲಗ್ ತನ್ನ ತುದಿಯ ಬಿಸಿ ಎಷ್ಟು ಲಗೂ ಹೊರಗ ಬಿಡತೈತಿ ಅನ್ನೋದು), ಇ ಅಂದ್ರ ಥ್ರೆಡ್ಡಿನ ಉದ್ದ 19 ಮಿ.ಮೀ. ಈ ಉದ್ದಾನ ಮಂದಿ ನೋಡಂಗಿಲ್ಲ. ಹಳೇ ಟೂ ಸ್ಟ್ರೋಕ್ ಸ್ಕೂಟರ್ ಪ್ಲಗ್ಗೂ 14 ಮಿ.ಮೀ ಥ್ರೆಡ್ಡಿಂದ, ಅಂಬಾಸಡರ್ ಹೆಡ್ಡಿಗೆ ಆರಾಮ ಕೂಡತೈತಿ, ಆದ್ರ ಅದರ ಉದ್ದ 12.7 ಮಿ.ಮೀ, ಅದರ ತುದಿ ಹೆಡ್ ಒಳಗ ತೂತಿನ್ಯಾಗ ಹುಗದು ಕೂಡತೈತಿ, ಕಿಡಿ ಪೆಟ್ರೋಲಿಗೆ ಸರಿಯಾಗಿ ಮುಟ್ಟಂಗಿಲ್ಲ, ಖಾಲಿ ಉಳದ ಥ್ರೆಡ್ಡಿಗೆ ಕಾರ್ಬನ್ ಹಿಡಕೊಂಡು ಮುಂದ ಸರಿಯಾದ ಪ್ಲಗ್ ತಿರುವಾಕ ಹೋದ್ರೂ ಪೂರಾ ಇಳೆಂಗಿಲ್ಲ. ಉದ್ದ ಕಮ್ಮಿ ಬೇಕಾದ ಇಂಜಿನ್ನಿಗೆ ಉದ್ದಂದು ಹಾಕಿದ್ರ ಇನ್ನೂ ಕೆಟ್ಟ, ಪಿಸ್ಟನ್ನೇ ಬಂದು ಬಡೀಬಹುದು.

ಹೀಟ್ ರೇಂಜ್ ವಿಷಯದಾಗ ಒಂದು ಘೋಟಾಳೆ ಐತಿ. ಎನ್‌ಜಿಕೆದಾಗ ನಂಬರ್ ಏರಿದಂಗ ಪ್ಲಗ್ ತಣ್ಣಂದು, ಅಂದ್ರ ಬಿಸಿ ಲಗೂ ಬಿಡೋದು, ಬಾಷ್‌ದಾಗ ಉಲ್ಟಾ, ನಂಬರ್ ಏರಿದಂಗ ಬಿಸೀದು. ಬಾಷ್ ಡಬ್ಲ್ಯು7ಡಿಸಿ ನಮ್ಮ ಬಿಪಿ6ಇಎಸ್‌ಗೆ ಜೋಡಿ, ಅದೂ 19 ಮಿ.ಮೀ, ಹಳೇ ಮಂದಿ ಇನ್ನೂ ಮೈಕೋ ಪ್ಲಗ್ ಅಂತಾರ ನೋಡ್ರಿ, ಅದ ಕಂಪನಿ, 2008ರಾಗ ಹೆಸರು ಬಾಷ್ ಅಂತ ಆತು. ನಂಬರ್ ಅಷ್ಟ ನೋಡಿ ಒಂದರ ಬದಲಿ ಇನ್ನೊಂದು ಹಾಕಿದ್ರ ಲೆಕ್ಕ ತಪ್ಪತೈತಿ. ಪ್ಲಗ್ಗಿನ ತುದಿ ಸುಮಾರು 450-500 ಡಿಗ್ರಿ ದಾಟಿದ್ರ ತನ್ನ ಮ್ಯಾಲಿನ ಕಾರ್ಬನ್ ತಾನ ಸುಟ್ಕೋತೈತಿ, 800-850 ದಾಟಿ ಮ್ಯಾಲ ಹೋದ್ರ ಕಿಡಿ ಬರೂದ್ರೊಳಗ ಪೆಟ್ರೋಲ್ ತಾನ ಹತ್ಕೊಳ್ಳಾಕ ಶುರು ಆಗತೈತಿ. ಇದರ ನಡುವ ಇರಬೇಕು. ಗಾಡಿ ಬರೇ ಟಿಳಕವಾಡಿಯಿಂದ ಕ್ಯಾಂಪ್, ಕ್ಯಾಂಪಿಂದ ಖಡೇಬಜಾರ ಅಂತ ಸಣ್ಣ ಸಣ್ಣ ಓಡಾಟದ್ದು, ಇಂಜಿನ್ ಸ್ವಲ್ಪ ಆಯಿಲ್ ಬ್ಯಾರೆ ತಿಂತೈತಿ ಅನ್ನೋರಿಗೆ ಬಿಪಿ5ಇಎಸ್ ಚಲೋ, ಕಪ್ಪ ಹಿಡಿಯೋದು ಕಮ್ಮಿ. ನನಗ ಘಾಟು, ಹೈವೇ ಎಲ್ಲಾ ಇರೋದರಿಂದ 6 ಸರಿ ಬಂತು. ಒಂದು ಲಾಂಗ್ ಓಡಿಸಿ ಬಿಚ್ಚಿ ನೋಡಿದಾಗ ನಾಕೂ ಪ್ಲಗ್ಗಿನ ಪಿಂಗಾಣಿ ತಿಳಿ ಕಂದು ಬಣ್ಣಕ್ಕಿದ್ದುವು. ಒಣ ಕಪ್ಪಿದ್ರ ಪೆಟ್ರೋಲ್ ಜಾಸ್ತಿ, ಜಿಡ್ಡ ಕಪ್ಪಿದ್ರ ಆಯಿಲ್ ಮ್ಯಾಲ ಬರಾಕತ್ತೈತಿ, ಬೆಳ್ಳಗ ಸುಣ್ಣಾ ಬಳದಂಗಿದ್ರ ಮಿಕ್ಸ್ಚರ್ ಬಡವಾಗೈತಿ (ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ) ಇಲ್ಲಾ ಪ್ಲಗ್ ಅಗದಿ ಬಿಸೀದು.

ಇರಿಡಿಯಂ ಕೆಟ್ಟದ್ದಂತ ನಾ ಅನ್ನಂಗಿಲ್ಲ. ಇರಿಡಿಯಂ ಕರಗೋದು 2400 ಡಿಗ್ರಿ ಮ್ಯಾಲ, ತುದಿ ಸೂಜಿಯಂಗ ಸಣ್ಣ ಮಾಡಿದ್ರೂ ಲಗೂ ಸವಿಯಂಗಿಲ್ಲ, ಹೊಸಾ ಗಾಡಿಗೋಳಿಗೆ ಭಾಳ ಚಲೋ. ಆದ್ರ ನಮ್ಮ ಗಾಡಿ ಚೋಕ್ ಜಗ್ಗಿ, ಅಂದ್ರ ಪೆಟ್ರೋಲ್ ಜಾಸ್ತಿ ಬಿಟ್ಟು, ಚಾಲೂ ಮಾಡೋ ಗಾಡಿ, ಪ್ಲಗ್ ಸವಿಯೋದಕ್ಕಿಂತ ಮೊದಲ ಕಪ್ಪ ಹಿಡೀತೈತಿ, ತಗದು ತಿಕ್ಕಿ ಗ್ಯಾಪ್ ಸೆಟ್ ಮಾಡಿ ಹಾಕಬೇಕು, ಇರಿಡಿಯಂ ತುದಿಗೆ ಬ್ರಷ್ ಹಚ್ಚೋ ಹಂಗಿಲ್ಲ. ಒಂದು ಇರಿಡಿಯಂ ಪ್ಲಗ್ಗಿನ ರೊಕ್ಕದಾಗ ಸಾದಾ ಪ್ಲಗ್ಗಿನ ಸೆಟ್ಟ ಬರತೈತಿ. ಆ ರೊಕ್ಕ ವೈರಿಗೆ ಹಾಕ್ರಿ.

ವೈರಿನ ವಿಷಯಕ್ಕ ಬರ್ತೀನಿ. ಅಂಗಡ್ಯಾಗ ನೋಡಾಕ ಚಂದ ಇರೋ ಕೆಂಪು ನೀಲಿ ದಪ್ಪ ಸಿಲಿಕಾನ್ ವೈರ್ ತೋರಸ್ತಾರ, ಅದರೊಳಗ ಭಾಳಷ್ಟು ಕಾರ್ಬನ್ ಎಳಿವು. ನಮ್ಮ ಗಾಡಿ ಡೆಲ್ಕೊ ಕ್ಯಾಪಿನ್ಯಾಗ ವೈರ್ ಹಿಡಿಯಾಕ ಒಳಗಿಂದ ಚೂಪ ಸ್ಕ್ರೂ ಅದಾವ, ಆ ಸ್ಕ್ರೂ ವೈರಿನ ನಡುವಿನ ಎಳಿಗೆ ಚುಚ್ಚಬೇಕು. ತಾಮ್ರದ ಎಳಿ ಇದ್ರ ಗಟ್ಟಿ ಕಚ್ಕೋತೈತಿ. ಕಾರ್ಬನ್ ಅಂದ್ರ ದಾರಕ್ಕ ಕಾರ್ಬನ್ ತುಂಬಿದ್ದು, ಸ್ಕ್ರೂ ಚುಚ್ಚಿದ್ರ ಹರೀತೈತಿ, ಒಳಗ ಸಣ್ಣ ಸಂದಿ ಬೀಳತೈತಿ, ಅಲ್ಲೇ ಸುಟ್ಟು ಸುಟ್ಟು ಸ್ವಲ್ಪ ದಿನಕ್ಕ ಮಿಸ್ಸಿಂಗ್ ಶುರು. ಅದಕ್ಕ ಈ ಥರದ ಕ್ಯಾಪಿದ್ರ ತಾಮ್ರ ಬಿಟ್ಟು ಬ್ಯಾರೆ ಮಾತ ಬ್ಯಾಡ. ನೂಕಿ ಕೂಡಸೋ ಥರದ ಕ್ಯಾಪಿದ್ರ ಕಾರ್ಬನ್ನೂ ನಡೀತೈತಿ.

ಪಿ.ಬಿ. ರೋಡ್ ಕಡೆ ಹಳೇ ಗಾಡಿ ಸ್ಪೇರ್ ಇಡೋ ಒಂದು ಸಣ್ಣ ಅಂಗಡ್ಯಾಗ ನಾ ಇದನ್ನ ತಗೊಂಡೆ, ಆ ಕಾಕಾನ ಬಗ್ಗೆ ಹೇಳಲೇಬೇಕು. ಗಾಡಿ ಹೆಸರು ಹೇಳಿದ ಕೂಡಲೇ ಡಬ್ಬಿ ತಗದು ಕೊಡಲಿಲ್ಲ, "ಹಳೇ ಪ್ಲಗ್ ತಂದೀ ಏನ್ ತಮ್ಮಾ?" ಅಂದ್ರು. ಹಳೇದು ಹೊಸಾದು ಕೌಂಟರ್ ಮ್ಯಾಲ ಜೋಡಿ ನಿಂದರಿಸಿ ಥ್ರೆಡ್ ಉದ್ದ ನೋಡಿದ್ರು, ಗಾಸ್ಕೆಟ್ ರಿಂಗ್ ತಿರುವಿ ನೋಡಿದ್ರು. ರಿಂಗ್ ಕಳಚಿ ಬಿದ್ದ್ರ, ನಡುವಿನ ಎಲೆಕ್ಟ್ರೋಡ್ ಸೊಟ್ಟಿದ್ರ, ಪಿಂಗಾಣಿ ಮ್ಯಾಲಿನ ಅಕ್ಷರ ಅಳಿಸಿದಂಗಿದ್ರ ಡೂಪ್ಲಿಕೇಟ್ ಅಂತ ತಿಳಕೋ ಅಂದ್ರು. ವೈರ್ ರೋಲಿನಿಂದ ಮೀಟರ್ ಲೆಕ್ಕದಾಗ ಕೊಡ್ತಾರ, ನಾ ಹಳೇ ವೈರ್ ಒಯ್ದಿದ್ದೆ, ಒಂದೊಂದನ್ನ ಅದರ ಅಳತಿಗೆ ಕತ್ತರಿಸಿ, ಪ್ಲಗ್ ಕಡೆ ತುದಿಗೆ ಹಿತ್ತಾಳಿ ಟರ್ಮಿನಲ್ ಒತ್ತಿ, ಮಲ್ಟಿಮೀಟರ್ ಹಚ್ಚಿ ತೋರಿಸಿ ಕೊಟ್ರು. ರಬ್ಬರ್ ಕ್ಯಾಪ್ ಮಾತ್ರ ಅವರ ಕಡೆ ಸ್ವಲ್ಪ ಬಿರುಸು ಇದ್ದುವು, ಅವನ್ನ ಬ್ಯಾರೆ ಕಡೆ ಮೆತ್ತಂದು ನೋಡಿ ತಗೊಂಡೆ.

ಹಾಕೋ ಮುಂದ ಗ್ಯಾಪ್ ಫೀಲರ್ ಗೇಜಿನಿಂದ ನೋಡ್ರಿ, ಪಾಯಿಂಟ್ ಇರೋ ಈ ಇಂಜಿನ್ನಿಗೆ 0.025 ಇಂಚು, ಅಂದ್ರ 0.64 ಮಿ.ಮೀ. ಡಬ್ಬ್ಯಾಗ ಬಂದ ಗ್ಯಾಪ್ ಇದಕ್ಕಿಂತ ಜಾಸ್ತಿನ ಇರತೈತಿ. ಇಂಜಿನ್ ತಣ್ಣಗಿದ್ದಾಗ ಕೈಲೇ ಪೂರಾ ತಿರುವಿ, ಆಮ್ಯಾಲ ಪಾನಾ ಹಚ್ಚಿ ಅರ್ಧ ಸುತ್ತು, ಭಾಳಂದ್ರ ಮೂರರಾಗ ಎರಡು ಪಾಲು ಸುತ್ತಿನೊಳಗ ನಿಲ್ಲಸ್ರಿ. ಫೈರಿಂಗ್ ಆರ್ಡರ್, ಅಂದ್ರ ಸಿಲಿಂಡರಿನ್ಯಾಗ ಕಿಡಿ ಬೀಳೋ ಸರತಿ, 1-3-4-2. ಮೂರರ ಹಿಂದಿಂದ ನಾಕು ಹೊಡೀತೈತಿ, ಎರಡೂ ಬಾಜೂಬಾಜೂಕ ಅದಾವ, ಹಂಗಾಗಿ ಆ ಎರಡು ವೈರ್ ಒಂದಕ್ಕೊಂದು ಕಟ್ಟಿ ಬಿಡಬ್ಯಾಡ್ರಿ, ಒಂದರ ಕರೆಂಟು ಇನ್ನೊಂದ್ರಾಗ ಹುಟ್ಟಿ ನಾಕನೇದು ವ್ಯಾಳ್ಯಾಕ್ಕಿಂತ ಮೊದಲ ಹೊಡೀಬಹುದು. ನೋಡಾಕ ಚಂದ ಕಾಣ್ಲಿ ಅಂತ ಟೇಪ್ ಸುತ್ತಿದ ಗಾಡಿಗೋಳ ನಾ ನೋಡೇನಿ, ಬಿಚ್ಚಿಸಿದ ಮ್ಯಾಲ ಆರಾಮ ಓಡ್ಯಾವ.

ಈ ಸೆಟ್ಟಿಂದು ಒಂದ ಕೊರತಿ. ಸಾದಾ ಪ್ಲಗ್ ಮತ್ತ ತಾಮ್ರದ ವೈರ್ ಎರಡೂ ಕೂಡಿದ್ರ ರೇಡಿಯೋದಾಗ ಗದ್ದಲ ಬರತೈತಿ, ಮೀಡಿಯಂ ವೇವ್ ಧಾರವಾಡ ಸ್ಟೇಷನ್ ಹಚ್ಚಿದ್ರ ಆಕ್ಸಿಲೇಟರ್ ಒತ್ತಿದಂಗ ಕರಕರ ಅನ್ನೋದು ಏರತೈತಿ. ರೇಡಿಯೋ ಬೇಕಂದ್ರ ಬಿಪಿಆರ್6ಇಎಸ್ ತಗೋರಿ, ಆರ್ ಅಂದ್ರ ರೆಸಿಸ್ಟರ್, ಒಳಗ ಸುಮಾರು 5 ಕಿಲೋ ಓಮ್ ಇರತೈತಿ, ವೈರ್ ತಾಮ್ರದ್ದ ಇರಲಿ. ಪಾಯಿಂಟ್ ತಗಸಿ ಎಲೆಕ್ಟ್ರಾನಿಕ್ ಕಿಟ್ ಹಾಕಿಸಿದವರಿಗೂ ಇದ ಪ್ಲಗ್ ಬೇಕು, ಇಲ್ಲಂದ್ರ ಆ ಗದ್ದಲ ಕಿಟ್ಟಿಗೇ ತ್ರಾಸ ಕೊಡತೈತಿ, ಕಿಟ್ ಜೋಡಿ ಬಂದ ಚೀಟ್ಯಾಗ ವೈರ್ ಯಾವುದಂತ ಬರದಿರತಾರ, ಅದನ್ನ ಓದಿ ವೈರ್ ತಗೋರಿ.