ಆಂಬುಲೆನ್ಸ್ ಡ್ಯಾಶ್‌ಬೋರ್ಡ್‌ಗೆ ಹಾಕಿಸಿದ ಟ್ಯಾಬ್: ಎಂಟು ತಿಂಗಳು ಓಡಿಸಿದ ಮೇಲೆ (5ಕ್ಕೆ 2.5)

ಕಂಪನಿ ಹೆಸರು ಬರೆಯುವುದಿಲ್ಲ, ಕೇಳಬೇಡಿ. ಅಲ್ಲಿನ ಹುಡುಗರು ಫೋನ್ ಮಾಡಿದರೆ ಎತ್ತುತ್ತಾರೆ, ಬೈದರೂ ಕೇಳಿಸಿಕೊಳ್ಳುತ್ತಾರೆ, ಸುಮ್ನೆ ಅವರ ಹೊಟ್ಟೆ ಮೇಲೆ ಹೊಡೆಯುವುದು ಬೇಡ. ಆದರೆ ಇಂಥ ಟ್ಯಾಬ್ ಹಾಕಿಸಬೇಕು ಅಂತ ಯೋಚಿಸುತ್ತಿರುವ ಗಾಡಿ ಯಜಮಾನರು ಇದನ್ನು ಓದಿ. ಓದಿದ ಮೇಲೆ ನಿಮ್ಮ ಡ್ರೈವರ್‌ನನ್ನೂ ಒಂದು ಮಾತು ಕೇಳಿ.

ನಾನು ಮೂಡಿಗೆರೆ ಕಡೆ ಖಾಸಗಿ ಆಂಬುಲೆನ್ಸ್ ಓಡಿಸುತ್ತೇನೆ. ಜಾಸ್ತಿ ಟ್ರಿಪ್ ಮಂಗಳೂರಿಗೆ, ಚಾರ್ಮಾಡಿ ಘಾಟಿ ಇಳಿದು, ನೂರು ಕಿಲೋಮೀಟರಿಗೂ ಹೆಚ್ಚು. 108 ಗಾಡಿಗಳಲ್ಲಿ ಡ್ರೈವರ್‌ಗೆ ಪೈಲಟ್ ಅಂತಾರೆ, ಆ ಹೆಸರು ಈಗ ನಮಗೂ ಅಂಟಿದೆ. ಯಜಮಾನರು ಟ್ಯಾಬ್ ತಂದು ಗಾಜಿನ ಹತ್ತಿರ ಕೂರಿಸಿದ ದಿನ, ತಗೋ, ಈಗ ವಿಮಾನವೂ ಆಯ್ತು ಅಂತ ನಕ್ಕಿದ್ದರು.

ಕೆಲಸ ಏನಪ್ಪಾ ಅಂದ್ರೆ, ಆಫೀಸಿನಲ್ಲಿ ಕಾಲ್ ತಗೊಂಡವರು ವಿಳಾಸ ಹಾಕಿದ ಕೂಡಲೇ ಅದು ನನ್ನ ಸ್ಕ್ರೀನ್ ಮೇಲೆ ಬರುತ್ತದೆ. ನಾನು 'ಹೊರಟೆ', 'ಸ್ಥಳ ತಲುಪಿದೆ', 'ರೋಗಿ ಹತ್ತಿದರು', 'ಆಸ್ಪತ್ರೆ ತಲುಪಿದೆ', 'ಖಾಲಿ' ಅಂತ ಒಂದೊಂದೇ ಒತ್ತುತ್ತಾ ಹೋಗಬೇಕು. ಹಿಂದೆ ಕೂರುವ ನರ್ಸ್ ಫೋನಿನಲ್ಲೂ ಇದೇ ಆ್ಯಪ್. ಅವರು ಬಿಪಿ, ಆಕ್ಸಿಜನ್ ತುಂಬಿದರೆ ಆಸ್ಪತ್ರೆಯವರಿಗೆ ಮೊದಲೇ ಕಾಣುತ್ತದೆ. ಇದು ನಿಜಕ್ಕೂ ಒಳ್ಳೆಯದು. ನಾವು ಗೇಟು ದಾಟುವ ಹೊತ್ತಿಗೆ ಸ್ಟ್ರೆಚರ್ ಹೊರಗೆ ಬಂದು ನಿಂತಿದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಮೊದಲು ಹಾಗಿರಲಿಲ್ಲ. ಮ್ಯಾಪೂ ಮುಂಚೆಯೇ ಇಳಿಸಿಕೊಂಡಿರುತ್ತದೆ, ಜಿಪಿಎಸ್‌ಗೆ ಹೇಗೂ ನೆಟ್‌ವರ್ಕ್ ಬೇಡ, ಹಾಗಾಗಿ ಘಾಟಿಯಲ್ಲಿ ಸಿಗ್ನಲ್ ಹೋದರೂ ದಾರಿ ತೋರಿಸುತ್ತದೆ. ಎರಡೂವರೆ ಸ್ಟಾರ್ ಕೊಟ್ಟಿರುವುದು ಇವಕ್ಕೇ.

ಇನ್ನು ಬೈಯುವ ಭಾಗ.

ಬಟನ್. 'ಆಸ್ಪತ್ರೆ ತಲುಪಿದೆ' ಪಕ್ಕದಲ್ಲೇ, ಬೆರಳು ಜಾರಿದರೆ ಒತ್ತಿಹೋಗುವ ಹಾಗೆ, 'ಟ್ರಿಪ್ ರದ್ದು' ಇಟ್ಟಿದ್ದಾರೆ. ಒಂದು ಸಲ ಉಜಿರೆ ದಾಟುವಾಗ ಕಾಲ್ ಬಂದ ಚೀಟಿ ಮ್ಯಾಪ್ ಮೇಲೆ ಧುತ್ತೆಂದು ಹಾರಿ ಬಂತು. ಅದನ್ನು ಸರಿಸಲು ಹೋದೆ, ಗಾಡಿ ಹಂಪ್ ಮೇಲೆ ಹಾರಿತು, ಬೆರಳು ರದ್ದಿನ ಮೇಲೆ ಬಿತ್ತು. ಖಚಿತವಾ ಅಂತ ಒಂದು ಮಾತೂ ಕೇಳಲಿಲ್ಲ. ಎರಡು ನಿಮಿಷಕ್ಕೆ ಯಜಮಾನರ ಫೋನ್. "ಎಂತ ಮಾರಾಯ, ಪೇಷಂಟ್ ಹೋಗಿಬಿಟ್ರಾ?" ಇಲ್ಲ ಸಾರ್, ನಾನು ಬಟನ್ ಒತ್ತಿಬಿಟ್ಟೆ. ಅಷ್ಟರಲ್ಲಿ ಅತ್ತ ಆಸ್ಪತ್ರೆಯ ಪಟ್ಟಿಯಿಂದಲೂ ನಮ್ಮ ಹೆಸರು ಹೋಗಿತ್ತು.

ಅಕ್ಕನ ಮಗ ಬೆಂಗಳೂರಿನಲ್ಲಿ ಆ್ಯಪ್ ಮಾಡುವ ಕೆಲಸದಲ್ಲಿದ್ದಾನೆ. ಹಬ್ಬಕ್ಕೆ ಬಂದಾಗ ಸ್ಕೇಲ್ ಹಿಡಿದು ಆ ಬಟನ್ ಅಳೆದ. 7 ಮಿಲಿಮೀಟರ್. ಆಂಡ್ರಾಯ್ಡ್‌ಗೆ ಗೂಗಲ್ ಹೇಳುವುದೇ ಕಡಿಮೆ ಅಂದರೆ 48 ಡಿಪಿ (ಆ್ಯಪ್ ಮಾಡುವವರು ಸ್ಕ್ರೀನ್ ಅಳೆಯುವ ಲೆಕ್ಕ), ಸುಮಾರು 9 ಮಿಲಿಮೀಟರ್ ಅಂತೆ, ಅದೂ ಕೈಯಲ್ಲಿ ಆರಾಮಾಗಿ ಫೋನ್ ಹಿಡಿದು ಕೂತವರಿಗೆ. ಕುಲುಕುವ ಗಾಡಿಯಲ್ಲಿ ಅದರ ಎರಡರಷ್ಟಾದರೂ ಬೇಕು ಮಾಮ ಅಂದ. ಅವನೇ ಇನ್ನೊಂದು ಲೆಕ್ಕ ಹೇಳಿದ. ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆ 2013ರಲ್ಲಿ ಒಂದು ಮಾರ್ಗಸೂಚಿ ತಂದಿದೆ: ಗಾಡಿಯೊಳಗಿನ ಸ್ಕ್ರೀನ್ ಕಡೆ ಒಂದು ಸಲ ಕಣ್ಣು ಹಾಯಿಸಿದರೆ 2 ಸೆಕೆಂಡ್ ಮೀರಬಾರದು, ಒಂದು ಕೆಲಸಕ್ಕೆ ಎಲ್ಲಾ ಸೇರಿ 12 ಸೆಕೆಂಡ್. ನಾನು ಮನಸ್ಸಲ್ಲೇ ಲೆಕ್ಕ ಹಾಕಿದೆ. 60ರಲ್ಲಿ ಹೋಗುವಾಗ 2 ಸೆಕೆಂಡ್ ಅಂದರೆ 33 ಮೀಟರ್. ಘಾಟಿಯಲ್ಲಿ 30ರಲ್ಲಿ ಇಳಿದರೂ 16, 17 ಮೀಟರ್, ಅಷ್ಟರಲ್ಲಿ ಒಂದು ತಿರುವು ಮುಗಿದು ಎದುರಿಗೆ ಬಸ್ ಬಂದಿರುತ್ತದೆ, ಅಲ್ವಾ?

ನೈಟ್ ಮೋಡ್ ಇದೆ. ಸೆಟ್ಟಿಂಗ್ಸ್, ಡಿಸ್‌ಪ್ಲೇ, ಥೀಮ್, ಡಾರ್ಕ್, ನಾಲ್ಕು ಸಲ ಒತ್ತಿದರೆ ಸಿಗುತ್ತದೆ. ಮಂಜಿನಲ್ಲಿ ಆ ಬಿಳಿ ಮ್ಯಾಪ್ ಇಡೀ ಗಾಜಿನಲ್ಲಿ ಪ್ರತಿಬಿಂಬ ಹೊಡೆಯುತ್ತಿರುವಾಗ ನಾಲ್ಕು ಸಲ ಒತ್ತುತ್ತಾ ಕೂರುವುದು ಯಾರು? ಮೇಲೆ ಟವೆಲ್ ಹಾಕಿ ಓಡಿಸಿದ್ದೇನೆ. ಇನ್ನು ಮಳೆಯಲ್ಲಿ ಸ್ಟ್ರೆಚರ್ ಹತ್ತಿಸಿ ಬಂದ ಒದ್ದೆ ಕೈಗೆ ಅದು ಜಗ್ಗುವುದೇ ಇಲ್ಲ, ಅಥವಾ ನೀರಿನ ಹನಿ ಬಿದ್ದರೆ ತಾನಾಗಿ ಮ್ಯಾಪ್ ಸರಿಸಿಕೊಳ್ಳುತ್ತದೆ. ಹೊರಟೆ, ತಲುಪಿದೆ ಅನ್ನುವುದಕ್ಕೆ ಸ್ಟೀರಿಂಗ್ ಪಕ್ಕ ಎರಡು ಗಟ್ಟಿ ಬಟನ್, ಟಕ್ ಅನ್ನುವಂಥದ್ದು, ಕೊಟ್ಟಿದ್ದರೆ ಸಾಕಿತ್ತು.

ವಿಳಾಸದ ಕಥೆ ಇನ್ನೊಂದು ತರಹ. ಕನ್ನಡದಲ್ಲಿ ಬರುತ್ತದೆ, ಅದಕ್ಕೆ ಸಂತೋಷ. ಆದರೆ ಸಾಲಿನ ಎತ್ತರ ಇಂಗ್ಲಿಷ್ ಅಕ್ಷರಕ್ಕೆ ಅಳೆದು ಇಟ್ಟಿದ್ದಾರೆ. ನಮ್ಮ ಒತ್ತಕ್ಷರ ಕೆಳಗೆ ಇಳಿಯಬೇಕಲ್ಲ, ಅದು ಕತ್ತರಿಸಿ ಹೋಗುತ್ತದೆ. ಕೊಟ್ಟಿಗೆಹಾರ ಹೋಗಿ ಕೊಟಿಗೆಹಾರ, ಹಳ್ಳ ಹೋಗಿ ಹಳ. ಕೊಟ್ಟಿಗೆಹಾರ ಹೇಗೂ ಗೊತ್ತಾಗುತ್ತದೆ ಬಿಡಿ, ಅಲ್ಲಿ ನೀರುದೋಸೆ ತಿನ್ನದ ಡ್ರೈವರ್ ಇಲ್ಲ. ಗೊತ್ತಿಲ್ಲದ ಊರಿನ ಹೆಸರಾದರೆ? ಅದೂ ಅಲ್ಲದೆ ಪಿನ್ ಬೀಳುವುದು ಎಸ್ಟೇಟ್ ಗೇಟಿಗೆ. ಪೇಷಂಟ್ ಇರುವುದು ಒಳಗೆ ಮೂರು ಕಿಲೋಮೀಟರ್ ದೂರದ, ಕೂಲಿಯವರ ಲೈನ್ ಮನೆಯಲ್ಲಿ. ಕಾಲ್ ಮಾಡಿದವರು ಪಾಪ ಎಲ್ಲಾ ಹೇಳಿರುತ್ತಾರೆ, ಪಲ್ಪರ್ ಮನೆ ದಾಟಿ ಎಡಕ್ಕೆ, ಕೆರೆ ಏರಿ ಮೇಲೆ ಬನ್ನಿ ಅಂತ (ಪಲ್ಪರ್ ಮನೆ ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಜಾಗ), ಆಫೀಸಿನವರೂ ಟೈಪ್ ಮಾಡಿರುತ್ತಾರೆ. ನನ್ನ ಸ್ಕ್ರೀನಿನಲ್ಲಿ ಕಾಣುವುದು "ಪಲ್ಪರ್ ಮನೆ ದಾಟಿ ಎ..." ಅಷ್ಟೇ. ಪೂರ್ತಿ ನೋಡಲು ಒತ್ತಿದರೆ 'ಲೋಡ್ ಆಗುತ್ತಿದೆ' ಅಂತ ಚಕ್ರ ಸುತ್ತುತ್ತದೆ. ಎಸ್ಟೇಟ್ ಒಳಗೆ ನೆಟ್‌ವರ್ಕ್ ಎಲ್ಲಿಂದ ಬರಬೇಕು! ಮ್ಯಾಪ್ ಇಳಿಸಿಕೊಳ್ಳುವವರಿಗೆ ನಾಲ್ಕು ಸಾಲು ಬರಹ ಇಳಿಸಿಕೊಳ್ಳಲು ಏನು ಕಷ್ಟ?

ಇದೆಲ್ಲಾ ಸಹಿಸಬಹುದು. ಒಂದನ್ನು ಮಾತ್ರ ಆಗಲಿಲ್ಲ. ನರ್ಸ್ ಹಿಂದೆ ಪೇಷಂಟ್ ಜೊತೆ ಇರುತ್ತಾರೆ, ನನ್ನ ಪಕ್ಕದ ಸೀಟಿನಲ್ಲಿ ಕೂರುವುದು ಮನೆಯವರು. ಆವತ್ತು ಒಬ್ಬ ಹುಡುಗ ಕೂತಿದ್ದ, ಹಿಂದೆ ಅವನ ಅಪ್ಪ. ನರ್ಸ್ ಹಿಂದಿನಿಂದ ಏನೋ ತುಂಬಿದರು, ನನ್ನ ಸ್ಕ್ರೀನಿನ ತಲೆ ಮೇಲೆ ಉದ್ದಕ್ಕೆ ಕೆಂಪು ಪಟ್ಟಿ ಬಂತು: 'ಸ್ಥಿತಿ ಗಂಭೀರ'. ಹುಡುಗ ಅದನ್ನೇ ನೋಡುತ್ತಿದ್ದ. "ಅಣ್ಣಾ, ಅದು ನಮ್ಮಪ್ಪಂಗಾ?" ಅಂದ. ಹಳೆಯ ಕಾಲ್ ಅದು, ಅಂತ ಸುಳ್ಳು ಹೇಳಿದೆ. ನಂಬಲಿಲ್ಲ ಅನಿಸುತ್ತದೆ, ಬಂಟ್ವಾಳ ದಾಟುವ ತನಕ ಸ್ಕ್ರೀನ್ ಬಿಟ್ಟು ಕಣ್ಣು ತೆಗೆಯಲಿಲ್ಲ. ಡ್ರೈವರ್‌ಗೆ ಬೇಕಾದದ್ದು ದಾರಿ. ಆ ಪಟ್ಟಿ ಆಸ್ಪತ್ರೆಯ ಸ್ಕ್ರೀನಿಗೆ ಹೋಗಲಿ, ನನಗೆ ಯಾಕೆ? ಇದನ್ನು ಮಾಡಿದವರು ಟೇಬಲ್ ಮೇಲೆ ಇಟ್ಟು ನೋಡಿದ್ದಾರೆಯೇ ಹೊರತು ಒಂದು ದಿನ ಆ ಪಕ್ಕದ ಸೀಟಿನಲ್ಲಿ ಕೂತಿಲ್ಲ.

ಕಂಪನಿಗೆ ಎಲ್ಲಾ ಹೇಳಿದ್ದೇನೆ, ಬರೆದುಕೊಂಡಿದ್ದಾರೆ. ಅಲ್ಲಿಯವರೆಗೆ ಇರಲಿ ಅಂತ ಮಗಳ ಪೆನ್ಸಿಲ್ ರಬ್ಬರಿನ ಒಂದು ಚೂರು ಕತ್ತರಿಸಿ, ಡಬಲ್ ಟೇಪ್ ಹಾಕಿ 'ಟ್ರಿಪ್ ರದ್ದು' ಮೇಲೆ ಅಂಟಿಸಿಬಿಟ್ಟೆ. ಎರಡು ತಿಂಗಳು ಚೆನ್ನಾಗಿ ನಡೆಯಿತು. ಹೋದ ವಾರ ಅಪ್‌ಡೇಟ್ ಬಂತು, ಕೆಂಪು ಪಟ್ಟಿ ಹಾಗೇ ಇದೆ, ಬಟನ್‌ಗಳ ಜಾಗ ಮಾತ್ರ ಬದಲಾಗಿದೆ. ರಬ್ಬರ್ ಈಗ 'ಸ್ಥಳ ತಲುಪಿದೆ' ಮೇಲೆ ಕೂತಿದೆ.