ಉಣಕಲ್ ಕೆರೆ ದಂಡೆಯಲ್ಲಿ ಗೀರು ಬಿದ್ದ ಮೂರು ಲೆನ್ಸ್

ಹುಬ್ಬಳ್ಳಿಯಲ್ಲಿ ಯಾರಾದರೂ ಕ್ಯಾಮೆರಾದ ಹಳೇ ಲೆನ್ಸ್ ಮಾರಲು ತಂದರೆ ಮೊದಲು ಮುಂದಿನ ಗಾಜಿಗೆ ಮೊಬೈಲ್ ಟಾರ್ಚ್ ಬಿಡುತ್ತೇವೆ. ಗೀರು ಕಂಡರೆ ಬೆಲೆ ದಡಕ್ಕನೆ ಇಳಿಯುತ್ತದೆ. ಆ ಗೀರು ಫೋಟೋದಲ್ಲೂ ಕಾಣುತ್ತದಾ? ನೋಡೇಬಿಡೋಣ ಅಂತ ಗೆಳೆಯರಿಂದ ಮೂರು ಲೆನ್ಸ್ ಕಡ ತಂದೆ.

ಮೂರೂ ಕ್ಯಾನನ್ 50 ಎಂಎಂ ಎಫ್/1.8. ಎಫ್ ನಂತರದ ಅಂಕೆ ದೊಡ್ಡದಾದಷ್ಟೂ ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ ಸಣ್ಣದು. ಒಂದರ ಮುಂದಿನ ಗಾಜಿನಲ್ಲಿ ಉಗುರಿಗೆ ತಾಗುವಷ್ಟು ಆಳದ ಒಂದೇ ಗೀರು. ಎರಡನೆಯದನ್ನು ಅಂಗಿ ಚುಂಗಿನಿಂದ ಒರೆಸಿ ಒರೆಸಿ, ಮುಂದಿನ ಗಾಜಿನ ತುಂಬ ಕೂದಲೆಳೆಯಂಥ ಗೀರು. ಮೂರನೆಯದು ಮುಂದಿನಿಂದ ಹೊಸದರ ಹಾಗೇ ಇದೆ. ಹಿಂದಿನ ಗಾಜಿನಲ್ಲಿ ಮಾತ್ರ ಅರ್ಧ ಅಕ್ಕಿಕಾಳಿನಷ್ಟು ಗೀರು.

ಬೆಳಿಗ್ಗೆ ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿಗೆ ಹೋದೆ. ಸೂರ್ಯ ನನ್ನ ಬೆನ್ನಿಗೆ. ಎಫ್/4ರಲ್ಲಿ ತೆಗೆದ ಕಂಬದ ಕೆತ್ತನೆಯನ್ನು ಕಂಪ್ಯೂಟರಿನಲ್ಲಿ ಎಷ್ಟು ಹಿಗ್ಗಿಸಿ ನೋಡಿದರೂ ಯಾವ ಫೋಟೋ ಯಾವ ಲೆನ್ಸಿನದು ಅಂತ ಗೊತ್ತಾಗಲಿಲ್ಲ.

ಬಣ್ಣ ಬಯಲಾದದ್ದು ಸಂಜೆ, ಕೆರೆ ದಂಡೆಯಲ್ಲಿ. ಸೂರ್ಯ ಚೌಕಟ್ಟಿನ ಅಂಚಿನ ಹೊರಗಿದ್ದಾಗ ಎರಡನೇ ಲೆನ್ಸಿನಲ್ಲಿ ಇಡೀ ಚಿತ್ರಕ್ಕೆ ತೆಳು ಮಂಜು ಕವಿದಂತಾಯಿತು. ಕಪ್ಪಗಿರಬೇಕಾದ ಮರ ಬೂದಿ ಬಣ್ಣಕ್ಕೆ ಬಂತು. ಸಾವಿರ ಸಣ್ಣ ಗೀರುಗಳೂ ಬೆಳಕನ್ನು ಚದುರಿಸುತ್ತವೆ, ಅದಕ್ಕೇ ಕಾಂಟ್ರಾಸ್ಟ್, ಅಂದರೆ ಕಪ್ಪು-ಬಿಳುಪಿನ ನಡುವಿನ ವ್ಯತ್ಯಾಸ, ಸತ್ತುಹೋಗುತ್ತದೆ. ಆಳದ ಗೀರಿನ ಮೊದಲ ಲೆನ್ಸಿನಲ್ಲಿ ಒಂದು ಮೂಲೆಗೆ ಸಣ್ಣ ಹೊಳಪು ಬಂತು, ಅಷ್ಟೇ. ಅಂಗೈ ಅಡ್ಡ ಹಿಡಿದರೆ ಅದೂ ಮಾಯ. ಇಂಥ ಒಂಟಿ ಗೀರಿಗೆ ಕಪ್ಪು ಶಾಯಿ ತುಂಬುವ ಹಳೇ ಉಪಾಯವೂ ಇದೆ. ಹೊಳೆಯುವುದು ನಿಲ್ಲುತ್ತದೆ.

ಆಮೇಲೆ ಬರೀ ಆಕಾಶಕ್ಕೆ ತಿರುಗಿಸಿ ಎಫ್/16 ಇಟ್ಟೆ. ಮೂರನೇ ಲೆನ್ಸಿನ ಫೋಟೋದಲ್ಲಿ ಮಾಸಲು ಪಟ್ಟಿಯೊಂದು ಎದ್ದು ಕಂಡಿತು. ಎಫ್/1.8ಕ್ಕೆ ಬಂದರೆ ಇಲ್ಲ. ಕಾರಣ ಸರಳ. 50 ಎಂಎಂ ಲೆನ್ಸಿನಲ್ಲಿ ಎಫ್/1.8ಕ್ಕೆ ಬೆಳಕು ಬರುವ ಕಿಂಡಿಯ ಅಗಲ ಸುಮಾರು 28 ಮಿಲಿಮೀಟರ್. ಎಫ್/16ಕ್ಕೆ ಬರೀ 3. ಅದರ ಮೇಲೆ, ಸೆನ್ಸರ್ ಹತ್ತಿರ ಬಂದಷ್ಟೂ ಬೆಳಕಿನ ಕಟ್ಟು ಸಣ್ಣದಾಗುತ್ತದೆ. ಹಾಗಾಗಿ ಹಿಂದಿನ ಗಾಜಿನ ಸಣ್ಣ ಗೀರೂ ಅದರಲ್ಲಿ ದೊಡ್ಡ ಪಾಲನ್ನೇ ತಡೆಯುತ್ತದೆ. ಅಗಲ ನೋಟ ಹಿಡಿಯುವ ವೈಡ್ ಲೆನ್ಸ್ ಆದರೆ ಮುಂದಿನ ಗೀರಿಗೂ ಹುಷಾರಾಗಿರಬೇಕು. 18 ಎಂಎಂನಲ್ಲಿ ಎಫ್/16ರ ಕಿಂಡಿ ಒಂದು ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ.

ನಮ್ಮ ಓಣಿಯ ಸ್ಟುಡಿಯೋ ಕಾಕಾ ಯಾವಾಗಲೂ ಹೇಳುತ್ತಿದ್ದರು: "ಮೊದಲ ಹಿಂದಿನ ಗಾಜು ನೋಡಪಾ, ಆಮ್ಯಾಲೆ ರೇಟ್ ಮಾತಾಡು." ಆ ಮಾತಿನ ಬೆಲೆ ನನಗೆ ಅವತ್ತು ತಿಳಿಯಿತು.

ಧಾರವಾಡದ ಮಳೆಗಾಲ ಕಂಡವರಿಗೆ ಇನ್ನೊಂದು ಮಾತು. ಕಪಾಟಿನಲ್ಲಿಟ್ಟ ಲೆನ್ಸಿಗೆ ಫಂಗಸ್ ಹಿಡಿದು ಒಳಗೆ ಜೇಡರ ಬಲೆಯಂತೆ ಹಬ್ಬಿದ್ದರೆ ಕೊಳ್ಳದೆ ಬಿಟ್ಟುಬಿಡಿ. ಅದು ಗಾಜಿನ ಕೋಟಿಂಗನ್ನೇ ತಿನ್ನುತ್ತದೆ.

ಎರಡನೆಯದು ಮದುವೆ ಮನೆಯ ಒಳಗಿನ ಫೋಟೋಗಳಿಗೆ ಸಾಕು, ದೀಪಗಳು ನೇರ ಬೀಳದಿದ್ದರೆ. ಮೂರನೆಯದನ್ನು ಅವತ್ತೇ ವಾಪಸ್ ಕೊಟ್ಟೆ. ನೋಡಲು ಎಲ್ಲಕ್ಕಿಂತ ಕೆಟ್ಟದಾಗಿದ್ದ ಮೊದಲನೆಯದನ್ನು ನಾನೇ ಕೊಂಡೆ, ಜೊತೆಗೆ ಬಿಸಿಲಿಗೆ ಅಡ್ಡ ನಿಲ್ಲುವ ಒಂದು ಹುಡ್ ಹಾಕಿಸಿದೆ.